ಟ್ರೀಟ್‌ಮೆಂಟ್ ಇದೆ ಎಂದರೆ ವಾಸಿಯಾಗುತ್ತದೆ ಎಂದೇ?

‘ಹೆದರಬೇಡಿ, ಟ್ರೀಟ್‌ಮೆಂಟ್ ಇದೆ.’ ಕ್ಯಾನ್ಸರ್ ವೈದ್ಯರ ಕೊಠಡಿಯಲ್ಲಿ ದಿನಕ್ಕೆ ಎಷ್ಟು ಬಾರಿ ಈ ಮಾತು ಕೇಳಿಬರುತ್ತದೆಯೋ ಲೆಕ್ಕವಿಲ್ಲ. ಹೇಳುವವರ ಮಟ್ಟಿಗೆ ಅದು ಸುಳ್ಳಲ್ಲ. ಗಡ್ಡೆಯನ್ನು ಕುಗ್ಗಿಸುವ ಔಷಧವಿದೆ, ನೋವು ತಗ್ಗಿಸುವ ದಾರಿಯಿದೆ, ಆಯುಸ್ಸನ್ನು ಕೆಲವು ತಿಂಗಳೋ ವರ್ಷವೋ ಹೆಚ್ಚಿಸುವ ಉಪಾಯವಿದೆ. ಆದರೆ ಮೇಜಿನ ಈಚೆ ಕುಳಿತವರಿಗೆ ಕೇಳಿಸುವುದು ಒಂದೇ: ವಾಸಿಯಾಗುತ್ತದೆ. ಜ್ವರಕ್ಕೆ ಔಷಧ ಇದೆ ಎಂದರೆ ಜ್ವರ ಬಿಡುತ್ತದೆ ಎಂದೇ ನಾವು ಹುಟ್ಟಿನಿಂದ ತಿಳಿದುಕೊಂಡು ಬಂದವರು. ಕ್ಯಾನ್ಸರ್ ವಾರ್ಡಿನ ಬಾಗಿಲು ದಾಟಿದ ಮೇಲೆ ಅದೇ ಮಾತಿನ ಅರ್ಥ ಬೇರೆಯಾಗಬಹುದು ಎಂದು ಯಾರೂ ಎಚ್ಚರಿಸುವುದಿಲ್ಲ. ಈ ಎರಡು ಅರ್ಥಗಳ ನಡುವಿನ ಸಂದಿಯಲ್ಲಿ ಹೊಲ ಮಾರಾಟವಾಗುತ್ತದೆ, ಮಗಳ ಮದುವೆಗೆಂದು ಮಾಡಿಸಿದ ಒಡವೆ ಅಡವಿನ ಅಂಗಡಿ ಸೇರುತ್ತದೆ.

ಇದು ಓದುಬರಹವಿಲ್ಲದವರ ತೊಂದರೆ ಎಂದು ತಳ್ಳಿಹಾಕುವಂತಿಲ್ಲ. ಅಮೆರಿಕದಲ್ಲಿ ನಾಲ್ಕನೇ ಹಂತದ, ಅಂದರೆ ಬೇರೆ ಅಂಗಗಳಿಗೂ ಹರಡಿದ, ಶ್ವಾಸಕೋಶ ಅಥವಾ ದೊಡ್ಡಕರುಳಿನ ಕ್ಯಾನ್ಸರ್‌ಗೆ ಕೀಮೋ ಪಡೆದ 1,193 ಮಂದಿಯ ಅಧ್ಯಯನವೊಂದು 2012ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. ಆ ಹಂತದಲ್ಲಿ ಕೀಮೋದಿಂದ ರೋಗ ಬುಡಸಮೇತ ಹೋಗುವ ಸಂಭವ ಇಲ್ಲವೆಂದೇ ಹೇಳಬೇಕು. ಶ್ವಾಸಕೋಶದ ರೋಗಿಗಳಲ್ಲಿ ಶೇ 69ರಷ್ಟು, ಕರುಳಿನ ರೋಗಿಗಳಲ್ಲಿ ಶೇ 81ರಷ್ಟು ಜನರಿಗೆ ಈ ವಿಷಯ ಮನದಟ್ಟಾಗಿರಲಿಲ್ಲ. ಅದೇ ವರದಿಯಲ್ಲಿ ಇನ್ನೂ ಚುಚ್ಚುವ ಸಂಗತಿಯೊಂದಿದೆ. ‘ನಮ್ಮ ಡಾಕ್ಟರು ಬಹಳ ಚೆನ್ನಾಗಿ ಮಾತನಾಡುತ್ತಾರೆ’ ಎಂದು ಹೆಚ್ಚು ಅಂಕ ಕೊಟ್ಟ ರೋಗಿಗಳಲ್ಲಿಯೇ ಈ ತಪ್ಪು ತಿಳಿವಳಿಕೆ ಹೆಚ್ಚಾಗಿತ್ತು. ಸತ್ಯ ಹೇಳಿದ ವೈದ್ಯರಿಗೆ ಅಂಕ ಕಡಿಮೆಯಾಯಿತೋ, ಅಂಕ ಬೇಕೆಂದು ಸತ್ಯ ಕಡಿಮೆಯಾಯಿತೋ, ಊಹೆ ಓದುಗರಿಗೆ ಬಿಟ್ಟದ್ದು.

ಆದ್ದರಿಂದ ಯಾವ ಔಷಧ, ಎಷ್ಟು ಡೋಸು, ಕೂದಲು ಉದುರುತ್ತದೆಯೇ ಎಂಬುದಕ್ಕೆಲ್ಲ ಮೊದಲು ಒಂದು ಮಾತು ಇತ್ಯರ್ಥವಾಗಬೇಕು: ಈ ಚಿಕಿತ್ಸೆ ಯಾತಕ್ಕಾಗಿ? ಮೂರೇ ಉತ್ತರಗಳಿವೆ. ರೋಗವನ್ನು ಪೂರ್ತಿ ತೆಗೆದುಹಾಕಲು. ಇಲ್ಲವೆ, ತೆಗೆದುಹಾಕಿಯಾಗಿದೆ, ಮರಳಿ ಬಾರದಂತೆ ತಡೆಯಲು. ಇಲ್ಲವೆ, ತೆಗೆಯಲಾಗದ ರೋಗವನ್ನು ಹತೋಟಿಯಲ್ಲಿಟ್ಟು ಇರುವಷ್ಟು ದಿನ ಚೆನ್ನಾಗಿ ಇರುವಂತೆ ಮಾಡಲು. ಕೇಸ್ ಶೀಟಿನಲ್ಲಿ ವೈದ್ಯರು ಇದನ್ನು ಒಂದೇ ಪದದಲ್ಲಿ, ಇಂಗ್ಲಿಷಿನಲ್ಲಿ, ಬರೆದಿರುತ್ತಾರೆ. ಅದೇ ಪದವನ್ನು ಕನ್ನಡ ಮಾಡಿ ರೋಗಿಯ ಮುಂದೆ ಬಾಯಿಬಿಟ್ಟು ಹೇಳುವುದರಲ್ಲಿಯೇ ಎಲ್ಲ ಎಡವುವುದು.

ಎರಡನೆಯ ಉತ್ತರದಲ್ಲಿ ಇನ್ನೊಂದು ತೊಡಕು ಅಡಗಿದೆ. ಸ್ತನದ ಗಡ್ಡೆ ತೆಗೆದಾಗಿದೆ, ಮುಂದೆ ಕೀಮೋ ಬೇಕೇ ಎಂಬ ಪ್ರಶ್ನೆ ಎಂದಿಟ್ಟುಕೊಳ್ಳಿ. ‘ಕೀಮೋ ತೆಗೆದುಕೊಂಡರೆ ಮರಳಿ ಬರುವ ಅಪಾಯ ಶೇ 30ರಷ್ಟು ಕಡಿಮೆ’ ಎಂದರೆ ಯಾರು ಬೇಡ ಎನ್ನುತ್ತಾರೆ? ಈಗ ಅದೇ ಲೆಕ್ಕವನ್ನು ಬಿಡಿಸಿ ನೋಡೋಣ. ಉದಾಹರಣೆಗೆ, ಇಂಥದೇ ಸ್ಥಿತಿಯ 100 ಹೆಂಗಸರಲ್ಲಿ ಕೀಮೋ ಇಲ್ಲದಿದ್ದರೆ ಹತ್ತು ಮಂದಿಗೆ ರೋಗ ಮರಳುತ್ತದೆ, ಕೀಮೋ ಕೊಟ್ಟರೆ ಏಳು ಮಂದಿಗೆ ಮರಳುತ್ತದೆ. ಹತ್ತು ಏಳಾಯಿತು, ಶೇ 30 ಇಳಿಯಿತು, ಸುಳ್ಳೇನಿಲ್ಲ. ಆದರೆ ಲಾಭವಾದದ್ದು ಮೂವರಿಗೆ. ತೊಂಬತ್ತು ಮಂದಿಗೆ ಕೀಮೋ ಇಲ್ಲದೆಯೂ ರೋಗ ಮರಳುತ್ತಿರಲಿಲ್ಲ, ಏಳು ಮಂದಿಗೆ ಕೀಮೋ ಕೊಟ್ಟರೂ ಮರಳಿತು. ಆ ಮೂವರಲ್ಲಿ ನಾನೊಬ್ಬಳಾಗಬಹುದು ಎಂದು ಮೂವತ್ತೈದರ ತಾಯಿ ಕೀಮೋಗೆ ಒಪ್ಪಬಹುದು. ಎಪ್ಪತ್ತೆಂಟರ ಅಜ್ಜಿ ಸಾಕಪ್ಪ ಎನ್ನಬಹುದು. ಇಬ್ಬರದೂ ಸರಿಯೇ. ಶೇ 30 ಎಂಬ ಒಂದೇ ಅಂಕಿಯನ್ನು ಮುಂದಿಟ್ಟರೆ ಮಾತ್ರ ಇಬ್ಬರಿಗೂ ಯೋಚಿಸಲು ಏನೂ ಉಳಿಯುವುದಿಲ್ಲ. 2018ರಲ್ಲಿ ಫಲಿತಾಂಶ ಹೊರಬಿದ್ದ ‘ಟೇಲರ್ ಎಕ್ಸ್’ ಎಂಬ ದೊಡ್ಡ ಅಧ್ಯಯನವು, ಹಾರ್ಮೋನ್‌ಗೆ ಸ್ಪಂದಿಸುವ, ಕಂಕುಳ ಗ್ರಂಥಿಗಳಿಗೆ ಹರಡದ ಸ್ತನ ಕ್ಯಾನ್ಸರ್‌ನಲ್ಲಿ ರೋಗ ಮರಳುವ ಸಂಭವ ಅಳೆಯುವ ಗಡ್ಡೆಯ ಜೀನ್ ಪರೀಕ್ಷೆಯ ಅಂಕ ಮಧ್ಯಮವಾಗಿದ್ದರೆ 50 ದಾಟಿದ ಹೆಂಗಸರಿಗೆ ಕೀಮೋದಿಂದ ಹೆಚ್ಚಿನ ಪ್ರಯೋಜನವಿಲ್ಲ ಎಂದು ತೋರಿಸಿತು. ಹಾರ್ಮೋನ್ ಮಾತ್ರೆಯೇ ಸಾಕು. ಆ ಪರೀಕ್ಷೆ ದುಬಾರಿ ಎಂಬುದು ನಿಜ. ಹಾಗೊಂದು ಪರೀಕ್ಷೆ ಇದೆ ಎಂದು ಹೇಳುವುದಕ್ಕಂತೂ ದುಡ್ಡು ಖರ್ಚಾಗುವುದಿಲ್ಲ.

ಮೂರನೆಯ ಉತ್ತರ ಹೇಳುವುದು ಎಲ್ಲಕ್ಕಿಂತ ಕಷ್ಟ. ನಮ್ಮ ದೇಶದ್ದೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ಗುಟ್ಕಾ, ತಂಬಾಕು ಜಗಿದು ಬರುವ ಬಾಯಿಯ ಕ್ಯಾನ್ಸರ್ ಕೈಮೀರಿದ ಹಂತದಲ್ಲಿ ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಔಷಧ, ಕೊಡುವುದುಂಟು. ಪೂರ್ಣ ಡೋಸಿನ ಬೆಲೆ ಬಹುತೇಕ ಭಾರತೀಯರ ಅಳವಿಗೆ ಮೀರಿದ್ದು. ಮುಂಬೈನ ಟಾಟಾ ಮೆಮೊರಿಯಲ್ ಆಸ್ಪತ್ರೆಯ ವೈದ್ಯರು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ, ಅಂದರೆ ರೂಢಿಯ ಡೋಸಿನ ಹತ್ತನೇ ಒಂದು ಪಾಲಿಗಿಂತ ಕಡಿಮೆ, ಮಾತ್ರೆಗಳ ಜೊತೆಗೆ ಕೊಟ್ಟು ನೋಡಿದರು. ತಲೆ ಮತ್ತು ಕತ್ತಿನ ಭಾಗದ ಮುಂದುವರಿದ ಕ್ಯಾನ್ಸರ್ ಇದ್ದ 151 ರೋಗಿಗಳ ಆ ಪ್ರಯೋಗದಲ್ಲಿ, ಒಂದು ವರ್ಷದ ನಂತರ ಬದುಕಿದ್ದವರ ಪ್ರಮಾಣ ಬರೀ ಮಾತ್ರೆ ಪಡೆದವರ ಶೇ 16.3ರಿಂದ ಶೇ 43.4ಕ್ಕೆ ಏರಿತು. ಬಹಳ ದೊಡ್ಡ ಸಾಧನೆ ಇದು, ಹೆಮ್ಮೆಪಡಬೇಕಾದದ್ದು. ಆದರೂ ಆ ಅಂಕಿಯನ್ನು ರೋಗಿಯ ಕಡೆಯಿಂದ ಓದಿ: ಔಷಧ ಪಡೆದ ನೂರು ಮಂದಿಯಲ್ಲಿ ಸುಮಾರು 57 ಜನ ವರ್ಷ ತುಂಬುವುದರೊಳಗೆ ಇರಲಿಲ್ಲ. ಮಧ್ಯದ ರೋಗಿ ಬದುಕಿದ್ದು 6.7 ತಿಂಗಳ ಬದಲು 10.1 ತಿಂಗಳು. ‘ಹೊಸ ಔಷಧ ಬಂದಿದೆ, ಬಹಳ ಒಳ್ಳೆಯ ರಿಸಲ್ಟ್ ಇದೆ’ ಎಂದಷ್ಟೇ ಹೇಳಿ ಬಿಟ್ಟರೆ ಮನೆಯವರ ಮನಸ್ಸಿನಲ್ಲಿ ಮೂಡುವ ಚಿತ್ರಕ್ಕೂ ಈ ಅಂಕಿಗಳಿಗೂ ಸಂಬಂಧವೇ ಇರುವುದಿಲ್ಲ.

ತಿಂಗಳು ಇಷ್ಟೇ ಎಂದು ಎಣಿಸಿ ಹೇಳಿ ಎಂದಲ್ಲ. ಮಧ್ಯದ ಅಂಕಿ ಯಾರೊಬ್ಬರ ಜಾತಕವೂ ಅಲ್ಲ. ಅರ್ಧ ಜನ ಅದಕ್ಕಿಂತ ಮುಂಚೆ ಹೋಗುತ್ತಾರೆ, ಅರ್ಧ ಜನ ಅದನ್ನು ದಾಟುತ್ತಾರೆ, ಕೆಲವರು ಬಹಳ ದೂರ ದಾಟುತ್ತಾರೆ. ‘ನಿಮ್ಮಂಥ ಹತ್ತು ಜನರಲ್ಲಿ ಸುಮಾರು ನಾಲ್ವರು ಬರುವ ದೀಪಾವಳಿ ನೋಡುತ್ತಾರೆ’ ಎಂಬ ಮಾತು ಕಠೋರವಾಗಿ ಕೇಳಿಸಬಹುದು. ಮಗಳ ಮದುವೆಯನ್ನು ಮುಂದಿನ ವೈಶಾಖಕ್ಕೆ ಇಟ್ಟುಕೊಳ್ಳಬೇಕೋ ಈ ಮಾಘದಲ್ಲೇ ಮುಗಿಸಬೇಕೋ ಎಂದು ತೀರ್ಮಾನಿಸಬೇಕಾದ ಅಪ್ಪನಿಗೆ ಅದಕ್ಕಿಂತ ಉಪಯೋಗದ ಮಾತು ಇನ್ನೊಂದಿಲ್ಲ.

ಇನ್ನು ಬೇರೆ ದಾರಿಗಳ ವಿಷಯ. ಕ್ಯಾನ್ಸರ್ ಎಂದ ಕೂಡಲೇ ‘ತೆಗೆದುಬಿಡಿ’ ಎನ್ನುವುದು ನಮ್ಮ ಜನರ ಮೊದಲ ಮಾತು. ಸ್ತನ ಪೂರ್ತಿ ತೆಗೆದರೂ, ಗಡ್ಡೆಯನ್ನಷ್ಟೇ ತೆಗೆದು ವಿಕಿರಣ ಕೊಟ್ಟರೂ ಬದುಕುವ ಅವಕಾಶ ಒಂದೇ ಎಂದು ಇಟಲಿ ಮತ್ತು ಅಮೆರಿಕದ ಎರಡು ಅಧ್ಯಯನಗಳು 20 ವರ್ಷ ರೋಗಿಗಳ ಬೆನ್ನುಹತ್ತಿ 2002ರಲ್ಲಿಯೇ ತೋರಿಸಿಕೊಟ್ಟವು. ಧ್ವನಿಪೆಟ್ಟಿಗೆಯ ಕ್ಯಾನ್ಸರ್‌ನಲ್ಲಿಯೂ ಹೀಗೆಯೇ: ಕೀಮೋ ಮತ್ತು ವಿಕಿರಣದಿಂದ ಶೇ 64 ರೋಗಿಗಳ ಧ್ವನಿಪೆಟ್ಟಿಗೆ ಉಳಿಯಿತು, ಎರಡು ವರ್ಷ ಬದುಕಿದವರ ಪ್ರಮಾಣ ಎರಡೂ ದಾರಿಯಲ್ಲಿ ಒಂದೇ ಇತ್ತು ಎಂದು ಅಮೆರಿಕದ ಮಾಜಿ ಸೈನಿಕರ ಮೇಲಿನ 1991ರ ಅಧ್ಯಯನ ಹೇಳಿತು. ಎಲ್ಲರಿಗೂ ಇದು ಹೊಂದುವುದಿಲ್ಲ, ಗಡ್ಡೆಯ ಗಾತ್ರ ಮತ್ತು ಜಾಗ ನೋಡಬೇಕು. ಹೊಂದದಿದ್ದರೆ ‘ನಿಮಗೆ ಯಾಕೆ ಹೊಂದುವುದಿಲ್ಲ’ ಎಂಬುದನ್ನೂ ಹೇಳಬೇಕಾಗುತ್ತದೆ. ವಿಕಿರಣಕ್ಕೆ, ಜನರ ಬಾಯಲ್ಲಿ ‘ಕರೆಂಟ್ ಕೊಡುವುದು’, ಹಿಂದೆ ಸ್ತನದ ರೋಗಿಗಳು ಐದು ವಾರ ನಡೆಯಬೇಕಿತ್ತು. ಈಗ ಮೂರು ವಾರಗಳಲ್ಲಿ 15 ಬಾರಿ ಕೊಡುವ ಕ್ರಮ ರೂಢಿಗೆ ಬಂದಿದೆ. ಆಯ್ದ ರೋಗಿಗಳಿಗೆ ಐದೇ ದಿನ ಸಾಕೆಂದು ಬ್ರಿಟನ್ನಿನ ‘ಫಾಸ್ಟ್ ಫಾರ್ವರ್ಡ್’ ಅಧ್ಯಯನ 2020ರಲ್ಲಿ ತೋರಿಸಿದೆ. ರಾಯಚೂರಿನಿಂದ ಬಂದು ಬೆಂಗಳೂರಿನ ಧರ್ಮಶಾಲೆಯಲ್ಲಿ ಮಲಗುವ ಕೂಲಿಯಾಕೆಗೆ ಐದು ವಾರಕ್ಕೂ ಮೂರು ವಾರಕ್ಕೂ ಇರುವ ಅಂತರ ಎಷ್ಟು ಕೂಲಿಯದು ಎಂದು ಲೆಕ್ಕ ಹಾಕಿ.

ನನ್ನ ಚಿಕ್ಕಮ್ಮನ ವಿಷಯ ಇಲ್ಲಿ ಹೇಳಬೇಕು. ಇಪ್ಪತ್ತು ವರ್ಷ ರವಿಕೆ ಹೊಲಿದು ಇಬ್ಬರು ಮಕ್ಕಳನ್ನು ಓದಿಸಿದವರು. ಸ್ತನದ ಶಸ್ತ್ರಚಿಕಿತ್ಸೆಯ ನಂತರ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧ ಹಾಕಿದರು. ಈ ಔಷಧ ಕೈಕಾಲಿನ ಬೆರಳ ತುದಿಯ ನರಗಳನ್ನು ಮರಗಟ್ಟಿಸುತ್ತದೆ. ಹಲವರಿಗೆ ಆಮೇಲೆ ಸರಿಹೋಗುತ್ತದೆ, ಕೆಲವರಿಗೆ ಹೋಗುವುದಿಲ್ಲ. ಕೂದಲು ಉದುರುತ್ತದೆ, ವಾಂತಿಯಾಗುತ್ತದೆ ಎಂದು ಹೇಳಿದ್ದರು. ಬೆರಳಿನ ಮಾತು ಯಾರೂ ಎತ್ತಿರಲಿಲ್ಲ. ಐದನೇ ಸುತ್ತಿನ ಹೊತ್ತಿಗೆ ಸೂಜಿಗೆ ದಾರ ಪೋಣಿಸಲಾಗದೆ ಅವರು ಅದನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಿದ್ದರು. ಜುಮ್ಮೆನ್ನುವುದು ಶುರುವಾದಾಗಲೇ ಹೇಳಿದ್ದರೆ ಡೋಸು ತಗ್ಗಿಸಬಹುದಿತ್ತು, ಔಷಧ ಬದಲಿಸುವ ಬಗ್ಗೆ ಯೋಚಿಸಬಹುದಿತ್ತು. ಆಸ್ಪತ್ರೆಯ ಹೆಸರು ಬೇಡ, ಎಲ್ಲೆಡೆಯೂ ನಡೆಯುವುದೇ ಇದು. ಆದರೆ ಅವರ ಫೈಲು ತಿರುವಿದಾಗ ಮೊದಲ ಪುಟದಲ್ಲಿ ‘ಉದ್ಯೋಗ’ ಎಂಬ ಕಲಂ ಕಂಡಿತು. ನೋಂದಣಿ ಗುಮಾಸ್ತರು ಕೇಳದೆಯೇ ಬರೆದಿದ್ದರು: ಗೃಹಿಣಿ.

ಅಡ್ಡಪರಿಣಾಮಗಳ ಉದ್ದನೆಯ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ಈ ರೋಗಿಯ ಬದುಕಿಗೆ ಅದರಲ್ಲಿ ಯಾವುದು ಮುಖ್ಯ ಎಂದು ತಿಳಿಯಬೇಕಾದರೆ ಆಕೆ ಏನು ಮಾಡಿ ಬದುಕುತ್ತಾಳೆ ಎಂದು ಕೇಳಬೇಕು. ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧ ಕಿವಿಯನ್ನು ಮಂದಮಾಡಬಹುದು ಎಂಬುದು ಸಂಗೀತದ ಮೇಷ್ಟರಿಗೆ ಒಂದು ತೂಕದ ಮಾತು, ನಿವೃತ್ತ ಗುಮಾಸ್ತರಿಗೆ ಇನ್ನೊಂದು ತೂಕದ್ದು. ಬಾಯಿಗೆ ವಿಕಿರಣ ಕೊಟ್ಟ ಮೇಲೆ ಹಲ್ಲು ಕೀಳಿಸಿದರೆ ದವಡೆಯ ಮೂಳೆ ಕೊಳೆಯುವ ಅಪಾಯವಿದೆ, ಆದ್ದರಿಂದ ದಂತವೈದ್ಯರನ್ನು ಮೊದಲೇ ಕಾಣಬೇಕು. ಮದುವೆಯಾಗದ ಹುಡುಗನಿಗೆ ಕೀಮೋ ಶುರುಮಾಡುವ ಮುಂಚೆ ವೀರ್ಯವನ್ನು ಶೈತ್ಯಾಗಾರದಲ್ಲಿ ಇಡಿಸಲು ಒಂದೆರಡು ದಿನ ಸಾಕು. ಹುಡುಗಿಯಾದರೆ ಅಂಡಾಣುಗಳಿಗೆ ಸುಮಾರು ಎರಡು ವಾರ ಬೇಕು. ಸಂಕೋಚಪಟ್ಟು ಈ ಮಾತನ್ನು ನುಂಗಿಕೊಂಡರೆ ಆಮೇಲೆ ಹೇಳಿ ಪ್ರಯೋಜನವಿಲ್ಲ.

ಇಷ್ಟೆಲ್ಲ ಹೇಳಬೇಕಾದದ್ದು ಯಾರಿಗೆ? ‘ಅಮ್ಮನಿಗೆ ಮಾತ್ರ ಹೇಳಬೇಡಿ ಡಾಕ್ಟರೇ, ಎದೆ ಒಡೆದುಕೊಳ್ಳುತ್ತಾರೆ’ ಎಂದು ಮಗ ಬಾಗಿಲಾಚೆ ಕೈಮುಗಿಯುತ್ತಾನೆ. ಒಳಗೆ ಅಮ್ಮ ‘ಮಗನಿಗೆ ಹೇಳಬೇಡಿ, ಗಾಬರಿಬೀಳುತ್ತಾನೆ’ ಎಂದಿರುತ್ತಾರೆ. ಇದನ್ನು ನಮ್ಮ ಸಂಸ್ಕೃತಿ ಎಂದು ಒಪ್ಪಿಕೊಳ್ಳುವ ಮುನ್ನ ಒಂದು ಸಂಗತಿ ನೆನಪಿಡಬೇಕು. 1961ರಲ್ಲಿ ಅಮೆರಿಕದ ಷಿಕಾಗೊದಲ್ಲಿ ಕೇಳಿದಾಗ ಶೇ 90ರಷ್ಟು ವೈದ್ಯರು ರೋಗಿಗೆ ಕ್ಯಾನ್ಸರ್ ಎಂದು ಹೇಳದಿರುವುದೇ ಮೇಲು ಎಂದಿದ್ದರು. 1979ರ ಹೊತ್ತಿಗೆ ಹೇಳುವುದೇ ಸರಿ ಎಂದವರು ಶೇ 97. ಹದಿನೆಂಟು ವರ್ಷಗಳಲ್ಲಿ ತಿರುಗುಮುರುಗಾದದ್ದನ್ನು ಸಂಸ್ಕೃತಿ ಎನ್ನುವುದಕ್ಕಿಂತ ರೂಢಿ ಎನ್ನುವುದು ಸರಿ. ಅದೂ ಅಲ್ಲದೆ, ಕರ್ನಾಟಕದಲ್ಲಿ ಮುಚ್ಚಿಡುವುದಾದರೂ ಎಲ್ಲಿ ಸಾಧ್ಯ? 1973ರಲ್ಲಿ ಶುರುವಾದ ಕಿದ್ವಾಯಿ ಆಸ್ಪತ್ರೆಯ ಹೆಸರು ಇಂದು ಹಳ್ಳಿಹಳ್ಳಿಗೂ ಗೊತ್ತು. ‘ಕಿದ್ವಾಯಿಗೆ ಹೋಗಿ ತೋರಿಸಿಕೊಂಡು ಬರೋಣ’ ಎಂದ ಕ್ಷಣದಲ್ಲಿಯೇ ಅಮ್ಮನಿಗೆ ಅರ್ಥವಾಗಿರುತ್ತದೆ. ಆಮೇಲೆ ನಡೆಯುವುದೆಲ್ಲ ಪರಸ್ಪರ ನಟನೆ. ಆ ನಟನೆಯಲ್ಲಿ ಅಮ್ಮ ತನ್ನ ಭಯವನ್ನು ಯಾರ ಹತ್ತಿರವೂ ಆಡಲಾಗದೆ ಒಂಟಿಯಾಗುತ್ತಾರೆ.

ಹಾಗೆಂದು ಬೇಡವೆಂದವರ ಮೇಲೆ ಸತ್ಯವನ್ನು ಹೇರಬೇಕಿಲ್ಲ. ‘ನಿಮ್ಮ ಕಾಯಿಲೆಯ ಬಗ್ಗೆ ಎಲ್ಲವನ್ನೂ ನಿಮಗೇ ಹೇಳಲೇ, ಅಥವಾ ಮಗನ ಹತ್ತಿರ ಮಾತನಾಡಿದರೆ ಸಾಕೇ?’ ಎಂದು ಮೊದಲು ರೋಗಿಯನ್ನೇ ಕೇಳಿದರೆ ಮುಗಿಯಿತು. ‘ಅವನಿಗೇ ಹೇಳಿ, ನನಗೆ ಬೇಡ’ ಎಂದರೆ ಅದೂ ಆಕೆಯ ತೀರ್ಮಾನವೇ. ಆ ತೀರ್ಮಾನವನ್ನು ಮಗ ಮಾಡಬಾರದು, ವೈದ್ಯರೂ ಮಾಡಬಾರದು.

ಕಾನೂನು ಏನು ಹೇಳುತ್ತದೆ? 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇಂದಿಗೂ ಆಧಾರ. ಪರೀಕ್ಷೆಗೆಂದು ಲ್ಯಾಪರೊಸ್ಕೋಪಿಗೆ, ಅಂದರೆ ಹೊಟ್ಟೆಯೊಳಗೆ ಕೊಳವೆ ತೂರಿಸಿ ನೋಡುವುದಕ್ಕೆ, ಒಪ್ಪಿದ್ದ ಮಹಿಳೆಗೆ ಅರಿವಳಿಕೆ ಕೊಟ್ಟಿದ್ದಾಗಲೇ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನು ತೆಗೆಯಲಾಗಿತ್ತು. ಅದು ಒಪ್ಪಿಗೆಯಲ್ಲ ಎಂದು ಪೀಠ ಹೇಳಿತು. ತೀರ್ಪು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟ್‌ನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಚಿಕಿತ್ಸೆಯ ಸ್ವರೂಪ ಮತ್ತು ಉದ್ದೇಶ, ಬೇರೆ ದಾರಿಗಳು, ಮುಖ್ಯ ಅಪಾಯಗಳು, ಚಿಕಿತ್ಸೆ ಬೇಡವೆಂದರೆ ಆಗುವ ಪರಿಣಾಮ, ಇಷ್ಟನ್ನು ರೋಗಿಗೆ ತಿಳಿಸಿರಬೇಕು ಎಂದು ಅದು ಗೊತ್ತುಮಾಡಿತು. ಎಷ್ಟು ಹೇಳಿದರೆ ಸಾಕು ಎಂಬಲ್ಲಿ ಮಾತ್ರ ಅಳತೆಗೋಲನ್ನು ವೈದ್ಯರ ಕೈಗೇ ಕೊಟ್ಟಿತು: ಸಮರ್ಥ ವೈದ್ಯರು ರೂಢಿಯಲ್ಲಿ ಎಷ್ಟು ಹೇಳುತ್ತಾರೋ ಅಷ್ಟು. ನಮ್ಮ ರೋಗಿಗಳಲ್ಲಿ ಬಹುಪಾಲು ಬಡವರು, ಅನಕ್ಷರಸ್ಥರು, ಎಲ್ಲ ಅಪಾಯಗಳನ್ನೂ ಬಿಡಿಸಿಟ್ಟರೆ ಹೆದರಿ ಚಿಕಿತ್ಸೆಯನ್ನೇ ಬಿಡುತ್ತಾರೆ ಎಂಬ ಕಾಳಜಿ ಅದರ ಹಿಂದಿತ್ತು. ಆ ಅಳತೆಗೋಲನ್ನು ನಾವು ತಂದದ್ದು ಬ್ರಿಟನ್ನಿನಿಂದ. ಬ್ರಿಟನ್ ಅದನ್ನು 2015ರ ಮಾಂಟ್‌ಗೊಮೆರಿ ತೀರ್ಪಿನಲ್ಲಿ ಕೈಬಿಟ್ಟು, ರೋಗಿಯ ಸ್ಥಾನದಲ್ಲಿರುವ ವಿವೇಕಿಗೆ ಯಾವುದು ಮುಖ್ಯವೆನಿಸುತ್ತದೋ ಅದನ್ನೆಲ್ಲ ಹೇಳಬೇಕು ಎಂದಿತು. ನಾವು ಇನ್ನೂ ಅವರು ಬಿಟ್ಟ ಕೋಲು ಹಿಡಿದುಕೊಂಡಿದ್ದೇವೆ.

ಇನ್ನೊಂದು ವಿಚಿತ್ರ ನೋಡಿ. ಹೊಸ ಔಷಧದ ಪ್ರಯೋಗಕ್ಕೆ ರೋಗಿಯನ್ನು ಸೇರಿಸಿಕೊಳ್ಳಬೇಕಾದರೆ ಆತನಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಪತ್ರ ಕೊಡಬೇಕು, ಕೆಲವು ಪ್ರಯೋಗಗಳಲ್ಲಿ ಒಪ್ಪಿಗೆಯ ವಿಡಿಯೊ ಕೂಡ ಮಾಡಬೇಕು. ಅದೇ ರೋಗಿ ಪಕ್ಕದ ಕೊಠಡಿಯಲ್ಲಿ ಮಾಮೂಲಿ ಕೀಮೋಗೆ ಕುಳಿತರೆ ಇಂಗ್ಲಿಷ್ ಹಾಳೆಯೊಂದರ ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡರೂ ನಡೆಯುತ್ತದೆ. ಕನ್ನಡದಲ್ಲಿ ಎರಡು ಪುಟದ ಒಪ್ಪಿಗೆ ಪತ್ರ ಬರೆಯುವುದು ಯಾವ ರಾಕೆಟ್ ವಿದ್ಯೆ?

ದುಡ್ಡಿನ ಮಾತೂ ಚಿಕಿತ್ಸೆಯ ಮಾತೇ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ, ಆದರೆ ಎಲ್ಲ ಔಷಧಗಳೂ ಅದರ ಪಟ್ಟಿಯಲ್ಲಿಲ್ಲ. ಆದ್ದರಿಂದ ‘ಕಾರ್ಡ್ ನಡೆಯುತ್ತದೆ’ ಎಂಬ ಅರ್ಧ ಉತ್ತರ ಸಾಲದು. ಎಷ್ಟು ಸುತ್ತು, ಯಾವುದು ಕೈಯಿಂದ ಹೋಗುತ್ತದೆ, ಒಟ್ಟು ಎಷ್ಟು ಎಂದು ಮೊದಲ ದಿನವೇ ಹೇಳಬೇಕು. ಮೂರನೇ ಸುತ್ತಿನಲ್ಲಿ ದುಡ್ಡು ಮುಗಿದು ಚಿಕಿತ್ಸೆ ನಿಂತರೆ ಅದುವರೆಗೆ ಅನುಭವಿಸಿದ್ದೂ ವ್ಯರ್ಥವಾಗಬಹುದು. ಕೆಲವು ಬಗೆಯ ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ರಾಸ್ಟುಜುಮ್ಯಾಬ್ ಔಷಧದ ಅಗ್ಗದ ರೂಪವನ್ನು ಬೆಂಗಳೂರಿನ ಬಯೋಕಾನ್ 2014ರಲ್ಲಿ ಮಾರುಕಟ್ಟೆಗೆ ತಂದಿತು. ಒಂದು ವರ್ಷ ಕೊಡುವುದು ರೂಢಿ. ಆರು ತಿಂಗಳು ಕೊಟ್ಟರೂ ಫಲ ಹೆಚ್ಚುಕಡಿಮೆ ಅಷ್ಟೇ ಎಂದು ಬ್ರಿಟನ್ನಿನ ‘ಪರ್ಸೆಫನಿ’ ಅಧ್ಯಯನ 2019ರಲ್ಲಿ ವರದಿ ಮಾಡಿತು: ನಾಲ್ಕು ವರ್ಷ ರೋಗ ಮರಳದೆ ಇದ್ದವರು, ವರ್ಷ ಪೂರ್ತಿ ಪಡೆದವರಲ್ಲಿ ಶೇ 89.8, ಆರು ತಿಂಗಳು ಪಡೆದವರಲ್ಲಿ ಶೇ 89.4. ತಜ್ಞರಲ್ಲಿ ಇನ್ನೂ ಒಮ್ಮತವಿಲ್ಲ, ಇರಲಿ. ವರ್ಷದ ಖರ್ಚು ಭರಿಸಲಾಗದು ಎಂದು ಔಷಧವನ್ನೇ ಬೇಡವೆನ್ನುವ ಹೆಂಗಸಿಗೆ ಆರು ತಿಂಗಳ ದಾರಿಯೂ ಇದೆ ಎಂಬ ಸುದ್ದಿಯಾದರೂ ಸಿಗಬೇಡವೇ?

ವೈದ್ಯರ ಕಡೆಯ ಮಾತನ್ನೂ ಕೇಳಬೇಕು. ದೇಶದಲ್ಲಿ 2022ರ ಒಂದೇ ವರ್ಷದಲ್ಲಿ 14 ಲಕ್ಷಕ್ಕೂ ಹೆಚ್ಚು ಹೊಸ ಕ್ಯಾನ್ಸರ್ ಪ್ರಕರಣಗಳು ಎಂಬುದು ಜಾಗತಿಕ ಅಂದಾಜು. ಸರ್ಕಾರಿ ಆಸ್ಪತ್ರೆಯ ಬಾಗಿಲಲ್ಲಿ ಸರತಿ ಇಷ್ಟುದ್ದ ನಿಂತಿರುವಾಗ ಒಬ್ಬರ ಜೊತೆ ಮುಕ್ಕಾಲು ಗಂಟೆ ಕುಳಿತರೆ ಉಳಿದವರ ಗತಿಯೇನು ಎಂಬ ಪ್ರಶ್ನೆ ನೆಪವಲ್ಲ. ಆದರೆ ಎಲ್ಲವನ್ನೂ ಒಂದೇ ದಿನ, ವೈದ್ಯರೊಬ್ಬರೇ, ಬಾಯಿಮಾತಿನಲ್ಲೇ ಹೇಳಬೇಕೆಂದು ಯಾರೂ ಕಟ್ಟುಪಾಡು ಮಾಡಿಲ್ಲ. ಕ್ಯಾನ್ಸರ್ ಎಂಬ ಪದ ಕಿವಿಗೆ ಬಿದ್ದ ದಿನ ಆಮೇಲಿನ ಮಾತು ಹೇಗೂ ತಲೆಗೆ ಹೋಗುವುದಿಲ್ಲ. ಎಲ್ಲೋ ಕೆಲವು ತುರ್ತಿನ ರಕ್ತದ ಕ್ಯಾನ್ಸರ್‌ಗಳನ್ನು ಬಿಟ್ಟರೆ ಮೂರು ದಿನ ಬಿಟ್ಟು ಬನ್ನಿ ಎನ್ನಲು ಸಮಯವಿರುತ್ತದೆ. ತರಬೇತಿ ಪಡೆದ ನರ್ಸ್ ಒಬ್ಬರು ಕುಳಿತು ವಿವರಿಸಬಹುದು. ಮೊಬೈಲಿನಲ್ಲಿ ಮಾತನ್ನು ರೆಕಾರ್ಡ್ ಮಾಡಿಕೊಳ್ಳಲು ಬಿಟ್ಟರೆ ಊರಿನಲ್ಲಿರುವ ಅಣ್ಣನೂ ಕೇಳುತ್ತಾನೆ. ಕೊನೆಗೆ ‘ನಾನು ಹೇಳಿದ್ದರಲ್ಲಿ ನಿಮಗೆ ಏನು ಅರ್ಥವಾಯಿತು, ಒಮ್ಮೆ ಹೇಳಿ’ ಎಂದು ಕೇಳಲು ಒಂದು ನಿಮಿಷ ಸಾಕು. ‘ವಾಸಿಯಾಗುತ್ತದೆ ಎಂದಿರಿ’ ಎಂಬ ಉತ್ತರ ಬಂದರೆ ಎಲ್ಲಿ ತಪ್ಪಿತು ಎಂದು ಆಗಲೇ ಗೊತ್ತಾಗುತ್ತದೆ.

ಸುಪ್ರೀಂ ಕೋರ್ಟ್ ಹೇಳಿದವುಗಳಲ್ಲಿ ಕಡೆಯದು, ಚಿಕಿತ್ಸೆ ಬೇಡವೆಂದರೆ ಏನಾಗುತ್ತದೆ ಎಂಬುದು. ನಮ್ಮಲ್ಲಿ ಇದನ್ನು ಬೆದರಿಕೆಯ ದನಿಯಲ್ಲಿ ಹೇಳುವುದೇ ಹೆಚ್ಚು. ಕೀಮೋ ಬೇಡ ಎಂದವರಿಗೂ ನೋವಿಗೆ ಮಾರ್ಫಿನ್ ಇದೆ, ಉಸಿರಾಟಕ್ಕೆ ಆರೈಕೆ ಇದೆ, ಬೆಂಗಳೂರಿನ ಕರುಣಾಶ್ರಯದಂಥ ಉಪಶಮನ ಕೇಂದ್ರಗಳಿವೆ ಎಂಬುದು ಆ ಉತ್ತರದ ಉಳಿದರ್ಧ. ಉಪಶಮನ ಆರೈಕೆ ಎಂದರೆ ಕೈಚೆಲ್ಲುವುದು ಎಂಬ ನಂಬಿಕೆ ವೈದ್ಯರಲ್ಲಿಯೂ ಇದೆ. 2010ರಲ್ಲಿ ಪ್ರಕಟವಾದ ಬಾಸ್ಟನ್ನಿನ ಅಧ್ಯಯನವೊಂದರಲ್ಲಿ, ದೇಹದ ಬೇರೆಡೆಗೆ ಹರಡಿದ ಶ್ವಾಸಕೋಶ ಕ್ಯಾನ್ಸರ್‌ನ 151 ರೋಗಿಗಳಲ್ಲಿ ಅರ್ಧ ಜನರಿಗೆ ಮಾಮೂಲಿ ಚಿಕಿತ್ಸೆಯ ಜೊತೆಗೆ ಮೊದಲಿನಿಂದಲೇ ಉಪಶಮನ ಆರೈಕೆ ಕೊಟ್ಟರು. ಕೊನೆಗಾಲದಲ್ಲಿ ಅವರಿಗೆ ಕೀಮೋದಂಥ ಕಠಿಣ ಚಿಕಿತ್ಸೆ ಕಡಿಮೆ ಸಿಕ್ಕಿತು, ಆದರೂ ಅವರೇ ಹೆಚ್ಚು ಕಾಲ ಬದುಕಿದರು: 8.9 ತಿಂಗಳಿಗೆ ಎದುರಾಗಿ 11.6 ತಿಂಗಳು.

ಚಿಕಿತ್ಸೆ ಒಪ್ಪಿಕೊಂಡವರು ಕೂಡ ಮೊದಲೇ ಕೇಳಿಟ್ಟುಕೊಳ್ಳಬೇಕಾದ ಒಂದು ಪ್ರಶ್ನೆ ಉಳಿಯುತ್ತದೆ: ಎಷ್ಟು ಸುತ್ತಿನ ನಂತರ ಸ್ಕ್ಯಾನ್ ಮಾಡುತ್ತೀರಿ, ಅದರಲ್ಲಿ ಏನು ಕಂಡರೆ ನಿಲ್ಲಿಸುತ್ತೀರಿ? ಮೊದಲ ಸೂಜಿ ಚುಚ್ಚುವ ಮುನ್ನವೇ ಇದರ ಉತ್ತರವನ್ನು ಕನ್ನಡದಲ್ಲಿ ಒಂದು ಸಾಲು ಬರೆದುಕೊಟ್ಟರೆ, ನಿಲ್ಲಿಸುವ ದಿನ ಬಂದಾಗ ‘ಡಾಕ್ಟರು ಕೈಬಿಟ್ಟರು’ ಎಂದು ಮನೆಯವರು ಇನ್ನೊಂದು ಆಸ್ಪತ್ರೆಯ ಮೆಟ್ಟಿಲು ಹತ್ತಲು ಉಳಿದ ಅರ್ಧ ಎಕರೆಯನ್ನೂ ಮಾರಬೇಕಾಗುವುದಿಲ್ಲ.